ಸವಳಂಗದ ನೆಳಲೂ ದಿಕ್ಸಾಧನವೂ

ಕನ್ನಡದಲ್ಲಿ ಎರಡು ದಿಕ್ಕುಗಳಿಗೆ ಸೂರ್ಯನೇ ಹೆಸರಿಟ್ಟಿರುವನು. ಆತನು ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಸವಳಂಗದ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡನಾಡಿನ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ದಿಕ್ಕಿನೊಡನೆ ಕಲ್ಲನ್ನೋ ಮರವನ್ನೋ ಕೆರೆಯನ್ನೋ ಹೆಸರಿಸುವುದು ವಾಡಿಕೆ. ಆ ಗುರುತುಗಳೇ ಸಾಕ್ಷಿಯಾಗಿರುವುದರಿಂದ ದಿಕ್ಕು ತುಸು ಓರೆಯಾದರೂ ಹೊಲಕ್ಕೆ ಹಾನಿಯಿಲ್ಲ. ಯಜ್ಞವೇದಿಗೂ ದೇವಾಲಯದ ಪಾಯಕ್ಕೂ ಅಂಥ ಸಾಕ್ಷಿಗಳಿಲ್ಲ. ಬಯಲಿನಲ್ಲಿ ಎಳೆದ ಮೊದಲ ರೇಖೆ ತಪ್ಪಿದರೆ ಮೇಲಣ ಕಟ್ಟಡವೆಲ್ಲವೂ ತಪ್ಪಿದಂತೆಯೇ.

ಉದಯಸ್ಥಾನವನ್ನೇ ಪೂರ್ವವೆಂದು ಹಿಡಿಯುವುದು ಸುಲಭ, ಆದರೆ ಸಾಧುವಲ್ಲ. ಸವಳಂಗದ ಅಕ್ಷಾಂಶವು ಸುಮಾರು 14. ಅಲ್ಲಿ ಸೂರ್ಯನು ನೇರ ಪೂರ್ವದಲ್ಲಿ ಮೂಡುವುದು ವಿಷುವದ್ದಿನಗಳಲ್ಲಿ ಮಾತ್ರ. ಜೂನ್ ತಿಂಗಳಲ್ಲಿ 24 ಅಂಶಗಳಷ್ಟು ಬಡಗಲಿಗೂ, ಡಿಸೆಂಬರಿನಲ್ಲಿ ಅಷ್ಟೇ ತೆಂಕಲಿಗೂ ಸರಿಯುವನು. ನಡುಹಗಲಿನ ನೆಳಲು ಉತ್ತರವನ್ನು ತೋರುವುದೆಂಬ ಪಾಠವಾದರೋ ಕರ್ಕಾಟಕವೃತ್ತದ ಆಚೆಯ ದೇಶಗಳಿಗೆ ತಕ್ಕುದು. ಸವಳಂಗದಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯನು ನೆತ್ತಿಗೇ ಬರುವನು. ಇವೆರಡರ ನಡುವಣ ಮೂರೂವರೆ ತಿಂಗಳು ನಡುಹಗಲಿನ ನೆಳಲು ತೆಂಕಲಿಗೆ ಬೀಳುವುದು. ಆ ಪಾಠವನ್ನು ನಂಬಿ ಜೂನಿನಲ್ಲಿ ಶಿಕಾರಿಪುರಕ್ಕೆ ಹೊರಟವನು ಶಿವಮೊಗ್ಗೆಯ ಕಡೆಗೆ ನಡೆದಾನು!

ಪ್ರಾಚೀನರು ಈ ಮೋಸಕ್ಕೆ ಸಿಕ್ಕಲಿಲ್ಲ. ಸಮನೆಲದಲ್ಲಿ ಶಂಕುವನ್ನು ನೆಟ್ಟು, ಅದರ ಉದ್ದದಷ್ಟೇ ಹಗ್ಗದಿಂದ ವೃತ್ತವನ್ನೆಳೆದು, ಬೆಳಗ್ಗೆ ನೆಳಲಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವಿನಲ್ಲಿಯೂ ಮಧ್ಯಾಹ್ನಾನಂತರ ಹೊರಕ್ಕೆ ಹೋಗುವ ಬಿಂದುವಿನಲ್ಲಿಯೂ ಗೂಟ ಹೊಡೆಯಬೇಕೆಂದು ಕಾತ್ಯಾಯನ ಶುಲ್ಬಸೂತ್ರವು ವಿಧಿಸುತ್ತದೆ. ಆ ಎರಡನ್ನೂ ಕೂಡಿಸುವ ರೇಖೆಯೇ ಪೂರ್ವಪಶ್ಚಿಮ. ನಡುಹಗಲಿನ ನೆಳಲು ಯಾವ ಕಡೆಗೆ ಬಿದ್ದರೂ ಇದಕ್ಕೆ ಬಾಧಕವಿಲ್ಲ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ ಶಂಕು 12 ಅಂಗುಲದ್ದು. ನೆಲವನ್ನು ನೀರಿನಿಂದ ಮಟ್ಟ ನೋಡತಕ್ಕದ್ದು. ವೃತ್ತದ ಅಳತೆ ಮಾತ್ರ ಇಷ್ಟದಂತೆ. ಈ ಸಡಿಲಿಕೆಗೆ ಕಾರಣವು ಬಹುಶಃ ಇದು: ಡಿಸೆಂಬರಿನ ನಡುಹಗಲಿನಲ್ಲಿ ಆ ಶಂಕುವಿನ ನೆಳಲು ಸವಳಂಗದಲ್ಲಿ 9 ಅಂಗುಲಕ್ಕೆ ತುಸು ಮೀರುವುದು, ಕಾಶಿಯಲ್ಲಾದರೆ 13ನ್ನೂ ದಾಟುವುದು. ಕಾಶಿಯಲ್ಲಿ ಅಂದು 12 ಅಂಗುಲದ ವೃತ್ತವನ್ನು ನೆಳಲು ಮುಟ್ಟಲಾರದು. ಸವಳಂಗದಲ್ಲಿ ಕಾತ್ಯಾಯನನ ಅಳತೆಯು ವರ್ಷವಿಡೀ ಸಾಗುವುದು. ವಿಷುವದ್ದಿನದ ನಡುಹಗಲಿನ ನೆಳಲು, ಎಂದರೆ ಪಲಭೆಯು, ಈ ಊರಿಗೆ ಸರಿಸುಮಾರು 3 ಅಂಗುಲ. ನೆನಪಿಡಲು ಇದಕ್ಕಿಂತ ಅನುಕೂಲವಾದ ಲೆಕ್ಕವುಂಟೇ?

ಪೂರ್ವಪಶ್ಚಿಮಬಿಂದುಗಳೆರಡನ್ನೂ ಕೇಂದ್ರವಾಗಿಟ್ಟು ಎಳೆದ ವೃತ್ತಗಳ ನಡುವೆ ಮೀನಿನಂಥ ಆಕೃತಿಯೊಂದು ಹುಟ್ಟುವುದು. ಅದರ ಬಾಯಿಬಾಲಗಳನ್ನು ಕೂಡಿಸಿದರೆ ದಕ್ಷಿಣೋತ್ತರರೇಖೆ.

ಒಂದು ಸೂಕ್ಷ್ಮವುಳಿಯಿತು. ಬೆಳಗಿನಿಂದ ಸಂಜೆಯೊಳಗೆ ಸೂರ್ಯನ ಕ್ರಾಂತಿಯು ಬದಲಾಗುವುದರಿಂದ ರೇಖೆಯು ಕಿಂಚಿತ್ತು ಓರೆಯಾಗುವುದು. 1150ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಇದಕ್ಕೆ ಸಂಸ್ಕಾರವನ್ನು ಹೇಳಿದ್ದಾರೆ. ಈ ಓರೆ ವಿಷುವದ ಹತ್ತಿರ ಹೆಚ್ಚು, ಅಯನಾಂತಗಳಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಜೂನಿನ ಅಯನಾಂತವನ್ನು ಮುಂಗಾರಿನ ಮೋಡ ಮುಚ್ಚಿಕೊಳ್ಳುವುದಾದ್ದರಿಂದ ಸವಳಂಗದಲ್ಲಿ ಶಂಕು ನೆಡಲು ಡಿಸೆಂಬರಿನ ತಿಳಿಬಿಸಿಲೇ ಲೇಸು.