ಎಫೆಸಸ್: ಕಡಲು ಬಿಟ್ಟುಹೋದ ಊರು

ಟರ್ಕಿಗೆ ಗುಂಪು ಪ್ರವಾಸ ಹೋದವರನ್ನು ಎಫೆಸಸ್‌ನ ಬಯಲು ರಂಗಮಂದಿರದಲ್ಲಿ ಕೂರಿಸುವುದು ವಾಡಿಕೆ. ಸುಮಾರು 25,000 ಜನ ಹಿಡಿಸುವ ಜಾಗ. ಸಂತ ಪೌಲನ ಬೋಧನೆಯಿಂದ ಆರ್ಟೆಮಿಸ್ ದೇವಿಯ ಬೆಳ್ಳಿ ಗುಡಿಗಳ ವ್ಯಾಪಾರ ಕೆಡುತ್ತದೆಂದು ಅಕ್ಕಸಾಲಿಗರು ಎಬ್ಬಿಸಿದ ದೊಂಬಿ ಇಲ್ಲಿಗೇ ನುಗ್ಗಿತೆನ್ನುತ್ತದೆ ಬೈಬಲ್. ಭಕ್ತಿಯ ಜೊತೆ ಹೊಟ್ಟೆಪಾಡೂ ಸೇರಿದ ಜಗಳ!

ಕೊನೆಗೆ ಹೊಸ ಮತವೇ ಗೆದ್ದಿತು. 431ರಲ್ಲಿ ಇದೇ ಊರಿನ ಚರ್ಚಿನಲ್ಲಿ ಸಭೆ ಸೇರಿದ ಬಿಷಪ್ಪರು ಮೇರಿಯನ್ನು ದೇವಮಾತೆಯೆಂದು ಒಪ್ಪಿದರು. ಆದರೆ ಊರು ಉಳಿಯಲಿಲ್ಲ. ನದಿ ತಂದ ಹೂಳು ಬಂದರನ್ನು ತುಂಬಿತು. ಕಡಲು ಈಗ ಹಲವು ಕಿಲೋಮೀಟರ್ ದೂರ. ಏಳು ಅದ್ಭುತಗಳಲ್ಲೊಂದಾಗಿದ್ದ ಆರ್ಟೆಮಿಸ್ ಗುಡಿಯಲ್ಲಿ ನಿಂತಿರುವುದು ತುಂಡು ಜೋಡಿಸಿದ ಒಂದೇ ಕಂಬ. ಮೇರಿಯ ಚರ್ಚಿಗೂ ಸೂರಿಲ್ಲ.

ಹೋದವರು ರಂಗಮಂದಿರದ ಮೇಲಿನ ಸಾಲಿಗೆ ಹತ್ತಿ, ಬಂದರಿಗಿದ್ದ ಅಮೃತಶಿಲೆಯ ಬೀದಿಯನ್ನೊಮ್ಮೆ ನೋಡಿ. ಅದರಾಚೆ ಈಗಿರುವುದು ಜೌಗು ನೆಲ.