ಡಿಪ್ಲೊಮಾದ ಹುಡುಗನಿಗೆ ವಿಶ್ವವಿದ್ಯಾನಿಲಯದ ಬಾಗಿಲು

ಸಹಕಾರನಗರದ ನಮ್ಮ ಬೀದಿಯಲ್ಲಿ ಸಂಜೆ ವಾಯುವಿಹಾರಕ್ಕೆ ಬರುವ ಹಿರಿಯರೊಬ್ಬರು ಈಚೆಗೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ನೀವು ಟಿ.ವಿ.ಯವರು, ನಿಮಗೆ ಗೊತ್ತಿರಬೇಕು. ನನ್ನ ತಮ್ಮನ ಮೊಮ್ಮಗಳು ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ನೇರವಾಗಿ ವಿಶ್ವವಿದ್ಯಾನಿಲಯದ ಮೂರನೇ ವರ್ಷಕ್ಕೆ ಸೇರಿದಳು. ಕಮ್ಯುನಿಕೇಷನ್ ಪದವಿಯಂತೆ. ನನ್ನ ಮೊಮ್ಮಗ ಇಲ್ಲೇ ಮೂರು ವರ್ಷ ಕ್ಯಾಮೆರಾ ಡಿಪ್ಲೊಮಾ ಮಾಡಿದ್ದಾನೆ. ಅವನು ಪದವಿ ಓದಬೇಕಾದರೆ ಮೊದಲಿನಿಂದ ಶುರು ಮಾಡು ಅಂತಾರಲ್ಲ, ಯಾಕೆ?"

ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ಏಕೆಂದರೆ ಈ ಪ್ರಶ್ನೆಯ ಹಿಂದೆ ಎಂಬತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ನಮ್ಮ ಬೆಂಗಳೂರಿನಲ್ಲೇ ನಡೆದದ್ದು.

ಸಿನಿಮಾ ತಂತ್ರಜ್ಞಾನವನ್ನು ಸರ್ಕಾರಿ ಸಂಸ್ಥೆಯೊಂದರಲ್ಲಿ ಕಲಿಸುವ ಪ್ರಯತ್ನ ಇಡೀ ದೇಶದಲ್ಲಿ ಮೊದಲು ಆದದ್ದು ಮೈಸೂರು ಸಂಸ್ಥಾನದಲ್ಲಿ. ಕೆ.ಆರ್. ವೃತ್ತದ ಬಳಿ ಇರುವ, ನಾವೆಲ್ಲ ಎಸ್.ಜೆ. ಪಾಲಿಟೆಕ್ನಿಕ್ ಎಂದು ಕರೆಯುವ ಸಂಸ್ಥೆಯಲ್ಲಿ 1943ರಲ್ಲಿ ಈ ಶಿಕ್ಷಣ ಆರಂಭವಾಯಿತು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ ಎಂಬುದನ್ನು ನೆನೆದರೆ ನಮ್ಮ ಹಿರಿಯರ ದೂರದೃಷ್ಟಿ ಅರ್ಥವಾಗುತ್ತದೆ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದ ಬೆಳಕನ್ನು ಹೆಣೆದ ಮೈಸೂರಿನ ವಿ.ಕೆ. ಮೂರ್ತಿಯವರು ಇಲ್ಲಿಯ ವಿದ್ಯಾರ್ಥಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. 'ತಮಸ್' ಧಾರಾವಾಹಿಯನ್ನು 1988ರಲ್ಲಿ ದೂರದರ್ಶನದ ಮೂಲಕ ಮನೆಮನೆಗೆ ತಂದ ಗೋವಿಂದ ನಿಹಲಾನಿಯವರೂ ಇಲ್ಲಿಯೇ ಕ್ಯಾಮೆರಾ ಕಲಿತವರು. 1996ರಲ್ಲಿ ಈ ಶಿಕ್ಷಣ ಹೆಸರಘಟ್ಟಕ್ಕೆ ಸ್ಥಳಾಂತರವಾಯಿತು. ಇಂದು ಅದು ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ.

ಇದು ಕೈಕಸುಬಿನ ದಾರಿ. ಇದಕ್ಕೆ ಸಮಾನಾಂತರವಾಗಿ ಇನ್ನೊಂದು ದಾರಿ ಬೆಳೆಯಿತು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಒಂದು ಪಠ್ಯವಿಷಯವಾಗಿ ಬಂತು. ಅದನ್ನು ಕಟ್ಟಿ ಬೆಳೆಸಿದವರು ಪ್ರೊ. ನಾಡಿಗ ಕೃಷ್ಣಮೂರ್ತಿ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಸಂವಹನ ವಿಭಾಗವನ್ನು ತೆರೆಯಿತು. ಹೀಗೆ ಕ್ಯಾಮೆರಾ ಹಿಡಿಯುವ ವಿದ್ಯೆ ತಾಂತ್ರಿಕ ಶಿಕ್ಷಣ ಇಲಾಖೆಯ ಕೆಳಗೆ, ಸಂವಹನದ ವಿದ್ಯೆ ವಿಶ್ವವಿದ್ಯಾನಿಲಯದ ಕೆಳಗೆ ಉಳಿದವು. ಬೆಂಗಳೂರು ವಿಶ್ವವಿದ್ಯಾನಿಲಯದ ಮೂಲನೆಲೆಯಾದ ಸೆಂಟ್ರಲ್ ಕಾಲೇಜಿಗೂ ಎಸ್.ಜೆ. ಪಾಲಿಟೆಕ್ನಿಕ್‌ಗೂ ನಡೆದೇ ಹೋಗಬಹುದಾದಷ್ಟು ದೂರ. ಆದರೆ ಒಂದರಿಂದ ಇನ್ನೊಂದಕ್ಕೆ ವಿದ್ಯಾರ್ಥಿ ದಾಟಿ ಹೋಗಲು ದಾರಿಯಿರಲಿಲ್ಲ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಬಿ.ಎಸ್ಸಿ. ಪದವೀಧರ. ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಸಂವಹನದ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿದಾಗ ನಾನು ಒಂದು ದಿನವೂ ಕ್ಯಾಮೆರಾ ಮುಟ್ಟಿದವನಲ್ಲ. ಆದರೂ ಸೀಟು ಸಿಕ್ಕಿತು. ಯಾವ ವಿಷಯದಲ್ಲಾದರೂ ಸರಿ, ಪದವಿ ಇದ್ದರೆ ಸಾಕಾಗಿತ್ತು. ನನ್ನ ಮೊದಲ ಕಾರ್ಯಕ್ರಮಕ್ಕೆ ಕ್ಯಾಮೆರಾ ನಡೆಸಿದ ಗೆಳೆಯ ಮೂರು ವರ್ಷ ಡಿಪ್ಲೊಮಾ ಓದಿದವರು. ಲೆನ್ಸ್, ಬೆಳಕು, ಬಣ್ಣ ಎಲ್ಲವೂ ಅವರಿಗೆ ಕರತಲಾಮಲಕ. ಅದೇ ತರಗತಿಗೆ ಅರ್ಜಿ ಹಾಕಲು ಅವರು ಹೋದಾಗ ಕಚೇರಿಯ ಗುಮಾಸ್ತರು ಅಂಕಪಟ್ಟಿಗಳನ್ನು ತಿರುವಿ ನೋಡಿ ಹೇಳಿದ್ದು ಒಂದೇ ಮಾತು: "ಡಿಗ್ರಿ ಎಲ್ಲಿ?" ಅವರು ಅಂಚೆ ಶಿಕ್ಷಣದ ಮೂಲಕ ಬಿ.ಎ.ಗೆ ಮೊದಲ ವರ್ಷದಿಂದಲೇ ನೋಂದಾಯಿಸಿಕೊಂಡರು. ರಾತ್ರಿ ಪಾಳಿ ಮುಗಿಸಿ ಇತಿಹಾಸ, ಅರ್ಥಶಾಸ್ತ್ರ ಓದುತ್ತಿದ್ದರು. ಅವರ ಡಿಪ್ಲೊಮಾದ ಮೂರು ವರ್ಷಗಳಿಗೆ ಆ ಪದವಿಯ ಲೆಕ್ಕದಲ್ಲಿ ಒಂದು ದಿನದ ಬೆಲೆಯೂ ಸಿಗಲಿಲ್ಲ.

ಬೆಲೆ ಎಂದರೆ ಮರ್ಯಾದೆಯ ಮಾತಷ್ಟೇ ಅಲ್ಲ. ನಮ್ಮ ಕ್ಷೇತ್ರದಲ್ಲಿ ಕ್ಯಾಮೆರಾ ಹುದ್ದೆಗೆ ಡಿಪ್ಲೊಮಾ ಸಾಕು. ಕಾರ್ಯಕ್ರಮ ರೂಪಿಸುವ ಹುದ್ದೆಗಳಿಗೆ ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಸ್ನಾತಕೋತ್ತರ ಪದವಿಯೇ ಬೇಕು. ಬಲ್ಲವನು ಹೊರಗೆ ಉಳಿದರೆ, ಕಲಿಸುವ ಕೆಲಸ ಕ್ಯಾಮೆರಾ ಮುಟ್ಟದವರ ಪಾಲಾಗುತ್ತದೆ.

ಇದು ತಾಂತ್ರಿಕ ಶಿಕ್ಷಣದ ಸ್ವಭಾವವೇ ಎನ್ನುವಂತಿಲ್ಲ. ಸಿವಿಲ್, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರಿಗೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಅದಕ್ಕೆಂದೇ ನಮ್ಮ ರಾಜ್ಯದಲ್ಲಿ ಡಿ.ಸಿ.ಇ.ಟಿ. ಪರೀಕ್ಷೆ ನಡೆಯುತ್ತದೆ. ಎರಡೂ ಕಡೆಯ ಪಠ್ಯವನ್ನು ಪಕ್ಕಪಕ್ಕ ಇಟ್ಟು ನೋಡಿ, ಇಷ್ಟು ಕಲಿತಿದ್ದಾನೆ, ಇಷ್ಟು ಉಳಿದಿದೆ ಎಂದು ಒಪ್ಪಿಕೊಂಡದ್ದರಿಂದ ಅದು ಸಾಧ್ಯವಾಯಿತು. ಸಂವಹನದ ವಿಷಯದಲ್ಲಿ ಹಾಗೆ ಕುಳಿತು ನೋಡುವ ಕೆಲಸ ಅಷ್ಟಾಗಿ ಆಗಲಿಲ್ಲ.

ಅಮೆರಿಕದಲ್ಲಿ ಆದದ್ದೂ ಇದೇ ಕೆಲಸ. 1901ರಲ್ಲಿ ಷಿಕಾಗೋ ಸಮೀಪದ ಜೋಲಿಯೆಟ್ ಊರಿನಲ್ಲಿ ಪದವಿಯ ಮೊದಲೆರಡು ವರ್ಷಗಳನ್ನು ಊರಲ್ಲೇ ಕಲಿಸುವ ಕಾಲೇಜು ಹುಟ್ಟಿತು. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಉನ್ನತ ಶಿಕ್ಷಣದ ಯೋಜನೆಯಲ್ಲಿ ಈ ಕಾಲೇಜುಗಳನ್ನು ವಿಶ್ವವಿದ್ಯಾನಿಲಯದ ಮೊದಲ ಮೆಟ್ಟಿಲೆಂದು ಪರಿಗಣಿಸಿತು. ಇಲ್ಲಿ ಓದಿದ ಈ ವಿಷಯ ಅಲ್ಲಿಯ ಆ ವಿಷಯಕ್ಕೆ ಸಮ ಎಂದು ಎರಡೂ ಸಂಸ್ಥೆಗಳು ಮೊದಲೇ ಬರೆದು ಒಪ್ಪಂದ ಮಾಡಿಕೊಳ್ಳುತ್ತವೆ. ಹಿರಿಯರ ಮೊಮ್ಮಗಳಂಥವರನ್ನು ದಾಟಿಸುವುದು ಆ ಒಪ್ಪಂದದ ಕಾಗದ. ಹಾಗೆಂದು ಅಲ್ಲಿ ಎಲ್ಲವೂ ಸುಗಮವೆಂದು ತಿಳಿಯಬಾರದು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವ ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ. 43ರಷ್ಟು ಕಳೆದುಹೋಗುತ್ತವೆಂದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2017ರಲ್ಲಿ ಅಂದಾಜು ಮಾಡಿತು. ಒಪ್ಪಂದವಿಲ್ಲದ ಕಡೆ ಅಲ್ಲಿಯೂ ಗುಮಾಸ್ತರ ಪ್ರಶ್ನೆಯೇ ಎದುರಾಗುತ್ತದೆ.

ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಕಮ್ಯುನಿಟಿ ಕಾಲೇಜು ಆರಂಭವಾಯಿತು. 2013ರಲ್ಲಿ ಯು.ಜಿ.ಸಿ. ಇಂಥ ಕಾಲೇಜುಗಳಿಗಾಗಿ ಯೋಜನೆಯೊಂದನ್ನು ತಂದಿತು. 2021ರಲ್ಲಿ, ಕ್ರೆಡಿಟ್‌ಗಳನ್ನು ಹಣದಂತೆ ಖಾತೆಯಲ್ಲಿಡುವ ವ್ಯವಸ್ಥೆ ಬಂತು. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೆ ತಂದು, ಒಂದೆರಡು ವರ್ಷ ಓದಿ ಬಿಟ್ಟವರಿಗೂ ಸರ್ಟಿಫಿಕೇಟ್, ಡಿಪ್ಲೊಮಾ ಕೊಡುವ ಏರ್ಪಾಡು ಮಾಡಿತು. 2024ರಲ್ಲಿ ರಾಜ್ಯ ಮೂರು ವರ್ಷಗಳ ಪದವಿಗೇ ಮರಳಿತು. ನೀತಿಗಳ ಈ ಹೋಗು-ಬರುವಿನ ನಡುವೆ ಒಂದು ಸತ್ಯವನ್ನು ನಾವು ಮರೆಯಬಾರದು. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಪ್ರಯೋಜನವಿಲ್ಲ; ಅದನ್ನು ಸ್ವೀಕರಿಸುವ ವಿಶ್ವವಿದ್ಯಾನಿಲಯ ಮುಂದೆ ಬರಬೇಕು.

ಹಿರಿಯರಿಗೆ ನಾನು ಮರುದಿನ ಹೇಳಿದ್ದು ಇಷ್ಟು: "ಹುಡುಗ ಎಲ್ಲಿಗೆ ಸೇರುವುದಾದರೂ, ಫೀಜು ಕಟ್ಟುವ ಮೊದಲು ಅವನ ಡಿಪ್ಲೊಮಾದ ಯಾವ ಯಾವ ವಿಷಯಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಲಿ. ಬಾಯಿಮಾತು ಬೇಡ." ನಮ್ಮ ವಿಶ್ವವಿದ್ಯಾನಿಲಯಗಳಿಗೆ ಹೇಳಬೇಕಾದ್ದೂ ಇಷ್ಟೇ: ಹೆಸರಘಟ್ಟದ ಪಠ್ಯವನ್ನು ಒಮ್ಮೆ ತರಿಸಿ ನೋಡಿ. ಸಿವಿಲ್ ಡಿಪ್ಲೊಮಾದವನಿಗೆ ಮಾಡಿದ ಲೆಕ್ಕವನ್ನು ಕ್ಯಾಮೆರಾ ಡಿಪ್ಲೊಮಾದವನಿಗೂ ಮಾಡಬಹುದಲ್ಲವೇ?

ನನ್ನ ಗೆಳೆಯರ ಕಥೆ ಹೇಳಿ ಮುಗಿಸುತ್ತೇನೆ. ಬಿ.ಎ. ಮುಗಿಸಿ ಅವರು ಕೊನೆಗೂ ಸ್ನಾತಕೋತ್ತರ ತರಗತಿಗೆ ಸೇರಿದಾಗ ತಲೆಕೂದಲು ನೆರೆಯತೊಡಗಿತ್ತು. ಮೊದಲ ವಾರದಲ್ಲೇ ಅಧ್ಯಾಪಕರು ಇಲಾಖೆಯ ಕ್ಯಾಮೆರಾವನ್ನು ಅವರ ಕೈಗಿತ್ತು, "ಇವರಿಗೆಲ್ಲ ನೀವೇ ತೋರಿಸಿಕೊಡಿ" ಎಂದರಂತೆ. ಅವರು ತೋರಿಸಿಕೊಟ್ಟರು. ಆ ವಿಷಯದ ಪರೀಕ್ಷೆಗೂ ಎಲ್ಲರೊಂದಿಗೆ ಕುಳಿತು ಬರೆದರು.