ಮನೆ ನಮ್ಮದು, ಅಂಗಳದ ಕಾನೂನು ಸಂಘದ್ದು

ಅಮೆರಿಕದ ಉಪನಗರಗಳಲ್ಲಿ ಚಳಿಗಾಲ ಕಳೆದು ಹುಲ್ಲು ಚಿಗುರುವ ಹೊತ್ತಿಗೆ ಮನೆ ಮನೆಗೂ ಒಂದು ಸುತ್ತೋಲೆ ಬರುತ್ತದೆ. ಈಜುಕೊಳ ಎಂದಿನಿಂದ ತೆರೆಯುತ್ತದೆ, ವಾರ್ಷಿಕ ಸಭೆ ಯಾವ ದಿನ, ಈ ಸಲದ ಶುಲ್ಕ ಎಷ್ಟು ಎಂಬ ಸುದ್ದಿ ಅದರ ಮೊದಲ ಭಾಗ. ಎರಡನೆಯ ಭಾಗ ನಿಯಮಗಳದು. ಹುಲ್ಲು ಗೊತ್ತುಮಾಡಿದ ಎತ್ತರ ಮೀರಿ ಬೆಳೆಯಕೂಡದು. ಕಸದ ಡಬ್ಬಿ ಬೀದಿಗೆ ಕಾಣುವಂತೆ ಇರಕೂಡದು. ಗೋಡೆಗೆ ಬೇರೆ ಬಣ್ಣ ಬಳಿಸುವ ಮುನ್ನ ಅನುಮತಿ ಪಡೆಯಬೇಕು. ಅಂಗಳದಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಕೂಡದು. ಕೆಟ್ಟುನಿಂತ ವಾಹನವನ್ನು ಮನೆಯ ಮುಂದೆ ಬಿಡಕೂಡದು. ತಪ್ಪಿದವರಿಗೆ ಮೊದಲು ಎಚ್ಚರಿಕೆ, ಆಮೇಲೆ ದಂಡ.

ಈ ಸುತ್ತೋಲೆ ಕಳಿಸುವುದು ಸರಕಾರವಲ್ಲ, ನಗರಸಭೆಯೂ ಅಲ್ಲ. ಅದೇ ಬಡಾವಣೆಯ ಮನೆ ಮಾಲೀಕರ ಸಂಘ. ಇಂಥ ಬಡಾವಣೆಯಲ್ಲಿ ಮನೆ ಕೊಂಡವರು ಕೊಂಡ ಗಳಿಗೆಯಿಂದಲೇ ಸಂಘದ ಸದಸ್ಯರು. ಸೇರುವುದಿಲ್ಲ ಎನ್ನುವಂತಿಲ್ಲ, ರಾಜೀನಾಮೆ ಕೊಡುವಂತಿಲ್ಲ. ಮನೆ ಮಾರಿ ಹೋಗುವುದೊಂದೇ ಬಿಡುಗಡೆಯ ದಾರಿ. ಶುಲ್ಕ ಬಾಕಿ ಉಳಿದರೆ ಮನೆಯ ಮೇಲೆಯೇ ಋಣಭಾರ ಬೀಳುತ್ತದೆ. ಹಲವು ರಾಜ್ಯಗಳಲ್ಲಿ ಸಂಘವು ಆ ಬಾಕಿಗಾಗಿ ಮನೆಯನ್ನು ಹರಾಜಿಗೆ ತರಿಸಲೂಬಹುದು. ಒಬ್ಬಿಬ್ಬರ ಪಾಡಲ್ಲ ಇದು. 1970ರಲ್ಲಿ ಸುಮಾರು 10 ಸಾವಿರವಿದ್ದ ಇಂಥ ಸಂಘಗಳ ಸಂಖ್ಯೆ, ಬಹುಮಹಡಿ ವಸತಿಗಳ ಸಂಘಗಳೂ ಸೇರಿ, 2020ರ ಹೊತ್ತಿಗೆ ಮೂರೂವರೆ ಲಕ್ಷ ಮುಟ್ಟಿತ್ತು. ಅವುಗಳ ಆಡಳಿತದಡಿ ವಾಸಿಸುವವರು 7 ಕೋಟಿಗೂ ಹೆಚ್ಚು.

ವ್ಯಕ್ತಿ ಸ್ವಾತಂತ್ರ್ಯವೇ ಮೊದಲು ಎನ್ನುವ ದೇಶದಲ್ಲಿ ಸ್ವಂತ ಮನೆಯ ಮುಂದೆ ಬಟ್ಟೆ ಒಣಹಾಕಲು ನೆರೆಯವರ ಅಪ್ಪಣೆ ಬೇಕಾದದ್ದು ಹೇಗೆ? ಉತ್ತರಕ್ಕಾಗಿ ಮೊದಲು ಲಂಡನ್ನಿನ ಒಂದು ಉದ್ಯಾನಕ್ಕೆ ಹೋಗಬೇಕು.

ಮಣ್ಣಿಗೆ ಅಂಟಿದ ಮಾತು

ಲಂಡನ್ನಿನ ಲೆಸ್ಟರ್ ಚೌಕದ ನಡುವಿನ ತೋಟ ಟಲ್ಕ್ ಎಂಬಾತನದಾಗಿತ್ತು. ಚೌಕದ ಸುತ್ತ ಅವನ ಮನೆಗಳೂ ಇದ್ದವು. 1808ರಲ್ಲಿ ಅವನು ತೋಟವನ್ನು ಮಾರಿದಾಗ, ಅದನ್ನು ತೋಟವಾಗಿಯೇ ಉಳಿಸಬೇಕು, ಕಟ್ಟಡ ಕಟ್ಟಕೂಡದು ಎಂಬ ಕರಾರನ್ನು ಕ್ರಯಪತ್ರದಲ್ಲಿ ಬರೆಸಿಕೊಂಡ. ತೋಟ ಕೈಯಿಂದ ಕೈಗೆ ದಾಟಿ ಕೊನೆಗೆ ಮಾಕ್ಸ್‌ಹೇ ಎಂಬವನಿಗೆ ಸೇರಿತು. ಅವನು ಅಲ್ಲಿ ಕಟ್ಟಲು ಹೊರಟ. ಮಾತು ಕೊಟ್ಟವನು ಮೊದಲು ಕೊಂಡವನು, ತಾನಲ್ಲ ಎಂಬುದು ಅವನ ವಾದ.

1848ರಲ್ಲಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕರಾರು ಇದೆಯೆಂದು ಗೊತ್ತಿದ್ದೂ ಜಾಗ ಕೊಂಡವನು ಅದಕ್ಕೆ ಬದ್ಧನಾಗಿರಬೇಕು ಎಂದಿತು. ಮಾತು ಆಡಿದವರು ಹೋದರೂ ಮಾತು ಮಣ್ಣಿಗೆ ಅಂಟಿಕೊಂಡೇ ಉಳಿಯಬಹುದು ಎಂಬ ತತ್ವ ಹೀಗೆ ಗಟ್ಟಿಯಾಯಿತು. ಇಂದಿನ ಮನೆ ಮಾಲೀಕರ ಸಂಘಗಳ ಬುನಾದಿ ಇದೇ ತತ್ವ. ಲೆಸ್ಟರ್ ಚೌಕದಲ್ಲಿ ಈಗಲೂ ಉದ್ಯಾನವಿದೆ.

ಅಮೆರಿಕದಲ್ಲಿಯೂ ಆರಂಭ ಉದ್ಯಾನಗಳಿಂದಲೇ. ನ್ಯೂಯಾರ್ಕಿನಲ್ಲಿ 1831ರಲ್ಲಿ ಸ್ಯಾಮ್ಯುಯೆಲ್ ರಗಲ್ಸ್ ಎಂಬಾತ ಗ್ರಾಮರ್ಸಿ ಪಾರ್ಕ್ ರೂಪಿಸಿದ. ಸುತ್ತಲಿನ ನಿವೇಶನದಾರರೇ ಅದರ ಖರ್ಚು ಹೊರಬೇಕು, ಬೀಗದ ಕೈ ಅವರಿಗೆ ಮಾತ್ರ. ಆ ಪದ್ಧತಿ ಇಂದಿಗೂ ನಡೆದಿದೆ. ಬಾಸ್ಟನ್ನಿನ ಲೂಯಿಸ್‌ಬರ್ಗ್ ಚೌಕದ ಮಾಲೀಕರು 1844ರಲ್ಲಿ ತಮ್ಮ ನಡುವಿನ ತೋಟದ ಪಾಲನೆಗೆ ಒಪ್ಪಂದ ಮಾಡಿಕೊಂಡರು. ಇವೆಲ್ಲ ಕೆಲವೇ ಸಿರಿವಂತರ ಏರ್ಪಾಡುಗಳು. ಇಡೀ ಉಪನಗರಕ್ಕೆ ಇದನ್ನು ಹಬ್ಬಿಸಿದವನು ಬೇರೊಬ್ಬ.

ಕಾನ್ಸಾಸ್ ಸಿಟಿಯ ಪಾಠ

ಜೆ.ಸಿ. ನಿಕೋಲ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾನ್ಸಾಸ್ ಸಿಟಿಯ ಅಂಚಿನ ಜಮೀನುಗಳನ್ನು ಕೊಂಡು ಬಡಾವಣೆ ಮಾಡಲು ತೊಡಗಿದ. ಅವನ 'ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್' ಅಮೆರಿಕದ ಬಡಾವಣೆದಾರರಿಗೆಲ್ಲ ಮಾದರಿಯಾಯಿತು. ನಗರ ಬೆಳೆದಂತೆ ಇಂದಿನ ಒಳ್ಳೆಯ ಬೀದಿ ನಾಳೆ ಗೋದಾಮುಗಳ ಬೀದಿಯಾಗುವುದನ್ನು ಅವನು ಕಂಡಿದ್ದ. ಆದ್ದರಿಂದ ಮನೆಗೆ ಕನಿಷ್ಠ ಇಷ್ಟು ಖರ್ಚಾಗಬೇಕು, ರಸ್ತೆಯಿಂದ ಇಷ್ಟು ಹಿಂದೆ ಕಟ್ಟಬೇಕು, ಅಂಗಡಿ ತೆರೆಯಕೂಡದು ಎಂಬ ಕರಾರುಗಳನ್ನು ಪ್ರತಿ ನಿವೇಶನಕ್ಕೂ ಲಗತ್ತಿಸಿದ.

ಆದರೆ ಕರಾರುಗಳಿಗೆ ಎರಡು ದೌರ್ಬಲ್ಯಗಳಿದ್ದವು. ಒಂದು, ಅವಧಿ ಮುಗಿದೊಡನೆ ಬಿದ್ದುಹೋಗುತ್ತಿದ್ದವು. ಇನ್ನೊಂದು, ಮುರಿದವರ ಮೇಲೆ ದಾವೆ ಹೂಡುವ ಖರ್ಚು ಯಾರಿಗೂ ಬೇಕಿರಲಿಲ್ಲ. ನಿಕೋಲ್ಸ್ ಎರಡಕ್ಕೂ ಉಪಾಯ ಕಂಡುಹಿಡಿದ. ಅವಧಿ ತೀರುವ ಎಷ್ಟೋ ವರ್ಷ ಮೊದಲೇ ಬಹುಪಾಲು ಮಾಲೀಕರು ಒಂದಾಗಿ ಬೇಡವೆಂದು ಬರೆದುಕೊಡದಿದ್ದರೆ ಕರಾರು ತಾನಾಗಿಯೇ ಮುಂದುವರಿಯುವಂತೆ ಮಾಡಿದ. ಕಾವಲಿಗೆ ಮನೆ ಮಾಲೀಕರ ಸಂಘಗಳನ್ನು ಸ್ಥಾಪಿಸಿದ. ಮರ ನೆಡುವುದು, ಹಿಮ ತೆಗೆಸುವುದು, ಖಾಲಿ ನಿವೇಶನದ ಹುಲ್ಲು ಕೊಯ್ಸುವುದು ಸಂಘದ ಕೆಲಸ. ಕರಾರು ಪಾಲನೆಯೂ ಅದರದೇ. ಯಾರೂ ಏನೂ ಮಾಡದಿದ್ದರೆ ನಿಯಮ ಉಳಿಯುತ್ತದೆ, ತೆಗೆಯಬೇಕಾದರೆ ಎಲ್ಲರೂ ಎದ್ದು ನಿಲ್ಲಬೇಕು. ಈ ಜಾಣತನದ ಬೆಲೆ ಆಮೇಲೆ ಗೊತ್ತಾಯಿತು.

ಏಕೆಂದರೆ ಆ ಕಾಗದದಲ್ಲಿ ಇನ್ನೊಂದು ಕಲಮೂ ಇತ್ತು: ಕಪ್ಪು ವರ್ಣೀಯರು ಈ ಮನೆಗಳನ್ನು ಕೊಳ್ಳಕೂಡದು, ವಾಸಿಸಕೂಡದು.

ಲಬಾಡಿ ಬೀದಿಯ ಮನೆ

ನಿಕೋಲ್ಸ್ ಒಬ್ಬನೇ ಹೀಗೆ ಮಾಡಿದವನಲ್ಲ. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೂಯಿವಿಲ್ ನಗರದ ಒಂದು ಶಾಸನವನ್ನು ರದ್ದು ಮಾಡಿ, ಯಾವ ಬಣ್ಣದವರು ಎಲ್ಲಿ ಇರಬೇಕೆಂದು ನಗರಾಡಳಿತ ಗೊತ್ತುಮಾಡುವಂತಿಲ್ಲ ಎಂದಿತು. ಸರಕಾರಕ್ಕೆ ಮುಚ್ಚಿದ ಬಾಗಿಲು ಖಾಸಗಿ ಕರಾರಿಗೆ ತೆರೆದೇ ಇತ್ತು. 1926ರಲ್ಲಿ ಅದೇ ನ್ಯಾಯಾಲಯ ನೆರೆಯವರು ಪರಸ್ಪರ ಮಾಡಿಕೊಂಡ ಇಂಥ ಕರಾರಿನಲ್ಲಿ ಸಂವಿಧಾನದ ಪ್ರಶ್ನೆಯೇ ಇಲ್ಲವೆಂದಿತು. 1934ರಲ್ಲಿ ಗೃಹಸಾಲಗಳಿಗೆ ಖಾತರಿ ನೀಡಲು ಹುಟ್ಟಿದ ಕೇಂದ್ರ ಸರಕಾರದ ವಸತಿ ಆಡಳಿತವಂತೂ ಇಂಥ ಕಲಮುಗಳನ್ನು ತನ್ನ ಕೈಪಿಡಿಯಲ್ಲಿಯೇ ಶಿಫಾರಸು ಮಾಡಿತು. ಕಲಮು ಇದ್ದರೆ ಸಾಲ ಸುಲಭ ಎಂದಾಯಿತು. ಕೆಲವೆಡೆ ಯಹೂದಿಗಳು, ಏಷ್ಯಾದವರೂ ಈ ಪಟ್ಟಿಗೆ ಸೇರಿದರು.

ಸೇಂಟ್ ಲೂಯಿ ನಗರದ ಲಬಾಡಿ ಬೀದಿಯ ಮಾಲೀಕರಲ್ಲಿ ಹೆಚ್ಚಿನವರು 1911ರಲ್ಲಿ ಐವತ್ತು ವರ್ಷಗಳ ಇಂಥದೊಂದು ಕರಾರಿಗೆ ಸಹಿ ಹಾಕಿದ್ದರು. 1945ರಲ್ಲಿ ಆ ಬೀದಿಯ ಒಂದು ಮನೆಯನ್ನು ಮಿಸಿಸಿಪಿಯಿಂದ ವಲಸೆ ಬಂದಿದ್ದ ಶೆಲ್ಲಿ ಎಂಬ ಕಪ್ಪು ವರ್ಣೀಯ ದಂಪತಿ ಕೊಂಡರು. ಅವರಿಗೆ ಆರು ಮಕ್ಕಳು. ಕರಾರಿನ ವಿಷಯ ಅವರಿಗೆ ತಿಳಿದಿರಲಿಲ್ಲ. ಅದೇ ಬೀದಿಯ ಕ್ರೇಮರ್ ಕುಟುಂಬ, ಬಡಾವಣೆಯ ಸಂಘದ ಬೆಂಬಲದಿಂದ, ಅವರನ್ನು ಎಬ್ಬಿಸಬೇಕೆಂದು ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಶೆಲ್ಲಿ ದಂಪತಿಯ ಪರ ನಿಂತರೆ, ಮಿಸೌರಿ ರಾಜ್ಯದ ಸುಪ್ರೀಂ ಕೋರ್ಟ್ ಕರಾರಿನ ಪರ ನಿಂತಿತು.

ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಬಂದಾಗ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಹಿಂದೆ ಸರಿದರು. ಕಾರಣ ಹೇಳಲಿಲ್ಲ. ಅವರ ಸ್ವಂತ ಮನೆಗಳ ಮೇಲೂ ಇಂಥದೇ ಕರಾರು ಇದ್ದಿರಬೇಕು ಎಂಬ ಊಹೆ ಇಂದಿಗೂ ಇದೆ. ಉಳಿದ ಆರು ಮಂದಿ 1948ರ ಮೇ 3ರಂದು ಒಮ್ಮತದ ತೀರ್ಪು ನೀಡಿದರು. ನೆರೆಯವರು ತಮ್ಮತಮ್ಮಲ್ಲಿ ಏನು ಬರೆದುಕೊಂಡರೂ ಅದು ಖಾಸಗಿ ವಿಷಯ. ಆದರೆ ಅದನ್ನು ಜಾರಿ ಮಾಡಲು ನ್ಯಾಯಾಲಯ ಕೈಹಾಕಿದರೆ ಅದು ಸರಕಾರದ ಕ್ರಿಯೆಯೇ ಆಗುತ್ತದೆ. ಕಾನೂನಿನ ಸಮಾನ ರಕ್ಷಣೆಯನ್ನು ಯಾರಿಗೂ ನಿರಾಕರಿಸುವ ಅಧಿಕಾರ ಸರಕಾರಕ್ಕಿಲ್ಲ. ಶೆಲ್ಲಿ ಕುಟುಂಬ ಮನೆಯಲ್ಲಿ ಉಳಿಯಿತು.

ಆದರೂ ತೀರ್ಪು ಕರಾರುಗಳನ್ನು ಅಳಿಸಲಿಲ್ಲ, ಅವುಗಳ ಹಲ್ಲನ್ನಷ್ಟೇ ಕಿತ್ತಿತು. ವಸತಿ ಆಡಳಿತ ಹೊಸದಾಗಿ ಇಂಥ ಕಲಮು ಬರೆದ ಮನೆಗಳ ಸಾಲಕ್ಕೆ ಖಾತರಿ ನಿಲ್ಲಿಸಿದ್ದು 1950ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ, ಮತ ನೋಡುವುದೇ ಅಪರಾಧವೆಂಬ ಶಾಸನ ಬರಲು 1968 ಬೇಕಾಯಿತು.

ಹುಲ್ಲು, ಬೇಲಿ, ಬಟ್ಟೆ

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಮನೆಗಳು ಬೇಕಿದ್ದವು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1947ರಿಂದ ಲೆವಿಟ್ ಕಂಪನಿ ಕಾರ್ಖಾನೆಯ ಕ್ರಮದಲ್ಲಿ ಕಟ್ಟಿದ ಲೆವಿಟ್‌ಟೌನ್ 1951ರ ವೇಳೆಗೆ 17 ಸಾವಿರಕ್ಕೂ ಹೆಚ್ಚು ಮನೆಗಳ ಊರಾಯಿತು. ಅಲ್ಲಿಯೂ ಮೊದಲಿಗೆ ಬಿಳಿಯರಿಗೆ ಮಾತ್ರ ಪ್ರವೇಶ. ಜೊತೆಗೆ, ವಾರಕ್ಕೊಮ್ಮೆ ಹುಲ್ಲು ಕೊಯ್ಯಬೇಕು, ಬೇಲಿ ಹಾಕಕೂಡದು, ಬಟ್ಟೆಯನ್ನು ಹಿತ್ತಲಲ್ಲಿ ತಿರುಗುವ ಕಂಬದ ಮೇಲಷ್ಟೇ ಒಣಗಿಸಬೇಕು, ವಾರಾಂತ್ಯದಲ್ಲಿ ಅದೂ ಕೂಡದು. ಇಂದಿನ ಸುತ್ತೋಲೆಗಳ ಧಾಟಿ ಆಗಲೇ ಕೇಳಿಸುತ್ತದೆ.

ಲೆವಿಟ್‌ಟೌನಿನಲ್ಲಿ ಈಗಿನಂಥ ಕಡ್ಡಾಯ ಸಂಘ ಇರಲಿಲ್ಲ. ಅದು ವ್ಯಾಪಕವಾದದ್ದು 1960ರ ದಶಕದಲ್ಲಿ. ಜಮೀನಿನ ಬೆಲೆ ಏರಿತ್ತು. ಮನೆಗಳನ್ನು ಒತ್ತಾಗಿ ಕಟ್ಟಿ, ಉಳಿದ ಜಾಗದಲ್ಲಿ ಎಲ್ಲರಿಗೂ ಸೇರಿದ ಈಜುಕೊಳ, ಆಟದ ಬಯಲು ಮಾಡಿದರೆ ಬಡಾವಣೆದಾರನಿಗೆ ಲಾಭ, ಕೊಳ್ಳುವವನಿಗೂ ಆಕರ್ಷಣೆ. ಎಲ್ಲರಿಗೂ ಸೇರಿದ್ದನ್ನು ನೋಡಿಕೊಳ್ಳಲು ಸಂಘ ಬೇಕಲ್ಲವೇ? ವಸತಿ ಆಡಳಿತ ಅದನ್ನು ಪ್ರೋತ್ಸಾಹಿಸಿತು. ನಗರಸಭೆಗಳಿಗೂ ಇದು ಹಿತವಾಗಿತ್ತು: ರಸ್ತೆ, ದೀಪ, ಚರಂಡಿಯ ಖರ್ಚು ಸಂಘದ್ದು, ತೆರಿಗೆ ಮಾತ್ರ ನಗರಸಭೆಯದು.

ಹೀಗೆ ಊರಿನ ಕೆಲಸವೆಲ್ಲ ಸಂಘಕ್ಕೆ ಬಂತು. ಆದರೆ ಊರಿನ ಆಡಳಿತಕ್ಕೆ ಇರುವ ಸಾಂವಿಧಾನಿಕ ಕಡಿವಾಣ ಬರಲಿಲ್ಲ. ಮನೆಯ ಮುಂದೆ ಚುನಾವಣಾ ಫಲಕ ನಿಲ್ಲಿಸಬೇಡ ಎಂದು ನಗರಸಭೆ ಹೇಳಿದರೆ ಅದು ವಾಕ್ ಸ್ವಾತಂತ್ರ್ಯದ ಪ್ರಶ್ನೆ. ಅದನ್ನೇ ಸಂಘ ಹೇಳಿದರೆ, ನೀವೇ ಸಹಿ ಹಾಕಿದ ಕರಾರು ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮೂರು ಬೆಕ್ಕುಗಳ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ಬೆಕ್ಕು, ನಾಯಿ ಸಾಕುವಂತಿರಲಿಲ್ಲ. ಅಲ್ಲಿ ಮನೆ ಕೊಂಡ ಮಹಿಳೆಯೊಬ್ಬಳು ಮೂರು ಬೆಕ್ಕುಗಳನ್ನು ತಂದಳು. ಅವು ಮನೆಯೊಳಗೇ ಇರುತ್ತವೆ, ಸದ್ದು ಮಾಡುವುದಿಲ್ಲ ಎಂದಳು. ಸಂಘ ದಂಡ ಹಾಕುತ್ತ ಹೋಯಿತು. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಂಘದ ಪರ ತೀರ್ಪಿತ್ತಿತು. ಈ ಒಬ್ಬಳ ಬೆಕ್ಕುಗಳಿಂದ ತೊಂದರೆ ಇದೆಯೇ ಎಂಬುದು ಪ್ರಶ್ನೆಯಲ್ಲ. ಇಡೀ ಸಮುಚ್ಚಯಕ್ಕೆ ನಿಯಮ ಸಮಂಜಸವೇ ಎಂಬುದಷ್ಟೇ ಪ್ರಶ್ನೆ ಎಂದಿತು. ಸೋತ ಬೆಕ್ಕುಗಳಿಗೆ ಶಾಸನಸಭೆ ನೆರವಾಯಿತು. ಮುಂದೆ ಮಾಡುವ ನಿಯಮಗಳು ಕನಿಷ್ಠ ಒಂದು ಸಾಕುಪ್ರಾಣಿಗೆ ಅವಕಾಶ ಕೊಡಲೇಬೇಕೆಂದು 2000ದಲ್ಲಿ ಕಾಯಿದೆ ಮಾಡಿತು.

ಅಂದಿನಿಂದ ನಡೆದಿರುವುದು ಬಹುಮಟ್ಟಿಗೆ ಇದೇ ಹಗ್ಗಜಗ್ಗಾಟ. ಸಣ್ಣ ಡಿಶ್ ಆಂಟೆನಾ ಹಾಕುವುದನ್ನು ಸಂಘಗಳು ತಡೆಯಕೂಡದೆಂದು 1996ರಲ್ಲಿ ಕೇಂದ್ರದ ಸಂಪರ್ಕ ಆಯೋಗ ನಿಯಮ ಮಾಡಿತು. ರಾಷ್ಟ್ರಧ್ವಜ ಹಾರಿಸುವುದನ್ನು ನಿಷೇಧಿಸಕೂಡದೆಂದು 2006ರಲ್ಲಿ ಸಂಸತ್ತೇ ಕಾಯಿದೆ ಮಾಡಬೇಕಾಯಿತು. 2014ರಲ್ಲಿ ಬರ ಬಿದ್ದಾಗ, ಹುಲ್ಲು ಒಣಗಿದ್ದಕ್ಕೆ ದಂಡ ಹಾಕಬೇಡಿ ಎಂದು ಕ್ಯಾಲಿಫೋರ್ನಿಯಾ ತನ್ನ ಸಂಘಗಳಿಗೆ ತಾಕೀತು ಮಾಡಿತು. ಹಲವು ರಾಜ್ಯಗಳಲ್ಲಿ ಬಟ್ಟೆಯ ಹಗ್ಗಕ್ಕೂ ಕಾನೂನಿನ ರಕ್ಷಣೆ ಸಿಕ್ಕಿದೆ.

ನಮ್ಮಲ್ಲಿನ ದಾರಿ

ನಮ್ಮ ದೇಶದಲ್ಲಿ ಇಂಥ ಸಂಘಗಳು ಸಹಕಾರ ಚಳವಳಿಯ ದಾರಿಯಿಂದ ಬಂದವು. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸ್ಥಾಪನೆಯಾದ ಸಾರಸ್ವತ ಸಹಕಾರಿ ವಸತಿ ಸಂಘ ದೇಶದ ಮೊದಮೊದಲ ವಸತಿ ಸಂಘಗಳಲ್ಲೊಂದು. ಅದರ ಹಿಂದಿದ್ದವರು ಎಸ್.ಎಸ್. ತಲ್ಮಕಿ. ಕೆನರಾ ಸೀಮೆಯಿಂದ ಕೆಲಸ ಹುಡುಕಿ ಬಂದ ಚಿತ್ರಾಪುರ ಸಾರಸ್ವತರಿಗೆ ದುಬಾರಿ ನಗರದಲ್ಲಿ ಸೂರು ಒದಗಿಸುವುದು ಉದ್ದೇಶ. ಹೊರಗಟ್ಟುವುದಕ್ಕಲ್ಲ, ಒಟ್ಟಾಗಿ ಬದುಕುವುದಕ್ಕೆ ಹುಟ್ಟಿದ ಸಂಘ ಅದು.

ಆದರೂ ಶೆಲ್ಲಿ ದಂಪತಿಯ ಪ್ರಶ್ನೆ ಇಲ್ಲಿಯೂ ಎದುರಾಯಿತು. ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಅಹಮದಾಬಾದಿನ ವಸತಿ ಸಂಘವೊಂದರ ಉಪನಿಯಮವನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಅದರ ಆಧಾರ. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಬಂದದ್ದು 1972ರಲ್ಲಿ. ಬೆಂಗಳೂರಿನ ಸಮುಚ್ಚಯಗಳ ಸೂಚನಾ ಫಲಕಗಳಲ್ಲಿ ಇಂದು ನಾಯಿ, ಬಾಲ್ಕನಿಯ ಬಟ್ಟೆ, ಅತಿಥಿಗಳ ವಾಹನ, ಅವಿವಾಹಿತ ಬಾಡಿಗೆದಾರರ ಬಗ್ಗೆ ಕಾಣುವ ನಿಯಮಗಳು ಅಮೆರಿಕದ ಸುತ್ತೋಲೆಗಳಿಗೆ ಅಪರಿಚಿತವೇನಲ್ಲ.

ಸಂಘಗಳಿಲ್ಲದೆ ಆಗದು ಎಂಬುದೂ ನಿಜ. ನೀರಿನ ಟ್ಯಾಂಕು, ಲಿಫ್ಟು, ಕಸದ ವಿಲೇವಾರಿಗೆ ಯಾರಾದರೂ ಹೊಣೆ ಹೊರಲೇಬೇಕು. ಸಂಬಳವಿಲ್ಲದೆ, ಬೈಗುಳ ತಿಂದು ದುಡಿಯುವ ಪದಾಧಿಕಾರಿಗಳೇ ಹೆಚ್ಚು. ಹುಲ್ಲು ಕೊಯ್ಯಿರಿ ಎನ್ನುವುದಕ್ಕೂ ಇಂಥವರು ಇಲ್ಲಿ ಇರಕೂಡದು ಎನ್ನುವುದಕ್ಕೂ ಅಜಗಜಾಂತರವಿದೆ. ಆದರೆ ಎರಡನ್ನೂ ಬರೆದದ್ದು ಒಂದೇ ಕಾಗದದಲ್ಲಿ, ಎರಡಕ್ಕೂ ಕೊಟ್ಟ ಕಾರಣ ಒಂದೇ: ಮನೆಯ ಬೆಲೆ ಇಳಿಯಬಾರದು.

2020ರಲ್ಲಿ ಕಾನ್ಸಾಸ್ ಸಿಟಿ ತನ್ನ ಪ್ರಸಿದ್ಧ ಕಾರಂಜಿಗೂ ಒಂದು ರಸ್ತೆಗೂ ಇದ್ದ ನಿಕೋಲ್ಸ್‌ನ ಹೆಸರನ್ನು ತೆಗೆದುಹಾಕಿತು. ಹೆಸರು ತೆಗೆಯಲು ಒಂದು ಸಭೆ ಸಾಕಾಯಿತು. ನೋಂದಣಿ ಕಚೇರಿಗಳ ಹಳೆಯ ಕಡತಗಳಲ್ಲಿ ಬಣ್ಣದ ಕಲಮು ಮಾತ್ರ ದೇಶದ ಎಷ್ಟೋ ಮನೆಗಳ ದಾಖಲೆಯಲ್ಲಿ ಹಾಗೆಯೇ ಉಳಿದಿದೆ. ಕಾನೂನಿನ ಮುಂದೆ ಅದು ಸತ್ತಿದೆ. ಕ್ಯಾಲಿಫೋರ್ನಿಯಾ ಸೇರಿ ಕೆಲವು ರಾಜ್ಯಗಳು ಅದನ್ನು ಅಳಿಸುವ ವಿಧಾನವನ್ನೂ ರೂಪಿಸಿವೆ. ಆದರೆ ಹಳೆಯ ಮನೆ ಕೊಳ್ಳಲು ಹೊರಟ ಕಪ್ಪು ವರ್ಣೀಯನೊಬ್ಬ ತನ್ನದಾಗಲಿರುವ ಮನೆಯ ಪತ್ರ ತಿರುವಿದಾಗ, ತನ್ನಂಥವರು ಇಲ್ಲಿ ಇರಕೂಡದು ಎಂಬ ಸಾಲನ್ನು ಈಗಲೂ ಓದಬೇಕಾಗಿ ಬರುವುದುಂಟು.